ಮೊದಲ ಮನುಷ್ಯ ಯಾವ ಊರಿನವನು?

ಹೋದ ಭಾನುವಾರ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ನೆಂಟರ ಮನೆಯ ಗೃಹಪ್ರವೇಶ. ಊಟ ಮುಗಿಸಿ ಕಾಫಿ ಕಣದಲ್ಲಿ ಚಾಪೆ ಹಾಕಿಕೊಂಡು ಕೂತಿದ್ದೆವು. ಮಾತು ಎಲ್ಲಿಂದಲೋ ಶುರುವಾಗಿ, ಮನುಷ್ಯ ಮೊದಲು ಹುಟ್ಟಿದ್ದೆಲ್ಲಿ ಅನ್ನುವಲ್ಲಿಗೆ ಬಂತು. ನಮ್ಮ ದೊಡ್ಡಪ್ಪ ಭಾರತದಲ್ಲೇ ಅಂದರು. ಮನು ನಮ್ಮವನು, ಮಾನವ ಅನ್ನುವ ಮಾತೇ ಅವನಿಂದ ಬಂದಿದ್ದು, ಇನ್ನೇನು ಸಾಕ್ಷಿ ಬೇಕು ಅಂತ. ಹಾಸನದ ಕಡೆಯವರೊಬ್ಬರು ಗೊರೂರಿನ ಬಂಡೆಯ ಮಾತು ತೆಗೆದರು. ಅದು 300 ಕೋಟಿ ವರ್ಷಕ್ಕಿಂತ ಹಳೆಯದು, ಹಾಗಾಗಿ ಮನುಷ್ಯನೂ ಈ ಕಡೆಯೇ ಹುಟ್ಟಿರಬೇಕು ಎಂದರು. ಕಾಲೇಜು ಓದುವ ಹುಡುಗನೊಬ್ಬ ಮೆಲ್ಲಗೆ ಆಫ್ರಿಕಾ ಅಂದ. ಅವನಿಗೆ ಮುಂದೆ ಮಾತಾಡಲು ಬಿಡಲಿಲ್ಲ. "ನಾವೇನು ಅಲ್ಲಿಂದ ಬಂದವರಾ?" ಎಂದು ಯಾರೋ ಕೇಳಿದರು. ಆ ಮಾತಿನ ಧಾಟಿ ನನ್ನನ್ನು ಇನ್ನೂ ಚುಚ್ಚುತ್ತಿದೆ. ಅವತ್ತು ನಾನೂ ಸುಮ್ನೆ ಕೂತಿದ್ದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಬಂಡೆಯ ವಯಸ್ಸು ನಿಜ. ಗೊರೂರು, ಹೊಳೆನರಸೀಪುರದ ಸುತ್ತ ಇರುವ ಕಲ್ಲು ಇಡೀ ಭಾರತದಲ್ಲೇ ತುಂಬಾ ಹಳೆಯದು. ಆದರೆ ಆ ಕಲ್ಲು ಆದ ಕಾಲಕ್ಕೆ ಭೂಮಿಯ ಮೇಲೆ ಒಂದು ಹುಲ್ಲುಕಡ್ಡಿ ಇರಲಿಲ್ಲ, ನೀರಲ್ಲಿ ಒಂದು ಮೀನಿರಲಿಲ್ಲ. ನೆಲದ ವಯಸ್ಸೇ ಬೇರೆ, ನೆಲದ ಮೇಲೆ ನಡೆದಾಡಿದವರ ವಯಸ್ಸೇ ಬೇರೆ.

ಮನುವಿನ ಕತೆ ನನಗೂ ಇಷ್ಟ. ಶತಪಥ ಬ್ರಾಹ್ಮಣ ಎಂಬ ವೇದಗ್ರಂಥದಲ್ಲಿ ಬರುತ್ತದೆ. ಕೈ ತೊಳೆಯುವ ನೀರಲ್ಲಿ ಸಿಕ್ಕ ಪುಟ್ಟ ಮೀನನ್ನು ಮನು ಸಾಕುತ್ತಾನೆ. ಅದು ದೊಡ್ಡದಾಗಿ, ಪ್ರಳಯ ಬಂದಾಗ ಅವನ ದೋಣಿಯನ್ನು ಉತ್ತರದ ಬೆಟ್ಟಕ್ಕೆ ಎಳೆದುಕೊಂಡು ಹೋಗುತ್ತದೆ. ಸ್ವಲ್ಪ ನಿಧಾನವಾಗಿ ಓದಿ ನೋಡಿ. ಇಲ್ಲಿ ಮನು ಮೊದಲು ಹುಟ್ಟಿದವನಲ್ಲ, ಎಲ್ಲರೂ ಹೋದ ಮೇಲೆ ಉಳಿದವನು. ಪುರುಷಸೂಕ್ತದಲ್ಲೂ ಮನುಷ್ಯ ಹುಟ್ಟಿದ ಊರಿನ ಹೆಸರಿಲ್ಲ. ಕುರಾನಿನಲ್ಲಿ ಆದಂ ಮಣ್ಣಿನಿಂದಾದವನು, ಎಲ್ಲಿಯ ಮಣ್ಣು ಅಂತ ಹೇಳಿಲ್ಲ. ಬೈಬಲಿನ ಏದೆನ್ ತೋಟಕ್ಕೆ ನಾಲ್ಕು ನದಿಗಳ ಗುರುತಿದೆ. ಅದರಲ್ಲಿ ಟೈಗ್ರಿಸ್, ಯೂಫ್ರೆಟಿಸ್ ಇವತ್ತಿಗೂ ಹರಿಯುತ್ತಿವೆ, ಉಳಿದೆರಡು ಯಾವುವು ಅಂತ ಇವತ್ತಿಗೂ ಚರ್ಚೆ ಮುಗಿದಿಲ್ಲ. ಶ್ರೀಲಂಕಾದ ಶ್ರೀಪಾದ ಬೆಟ್ಟದ ತುದಿಯಲ್ಲಿ ಒಂದೇ ಒಂದು ಹೆಜ್ಜೆ ಗುರುತಿದೆ. ಅದು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. ನಾಲ್ಕೂ ಕಡೆಯವರು ಒಂದೇ ಮೆಟ್ಟಿಲು ಹತ್ತುತ್ತಾರೆ, ಕ್ರೈಸ್ತರೂ ಸೇರಿ.

ನಮ್ಮ ಪಕ್ಕದ ಶ್ರವಣಬೆಳಗೊಳದ ಧರ್ಮ ಹೇಳುವುದಂತೂ ಇನ್ನೂ ಬೇರೆ. ಜೈನರ ಪ್ರಕಾರ ಲೋಕವನ್ನು ಯಾರೂ ಮಾಡಲಿಲ್ಲ. ಕಾಲಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಹಾಗಾಗಿ ಮೊದಲ ಮನುಷ್ಯ ಅನ್ನುವವನೇ ಇಲ್ಲ. ಬಾಹುಬಲಿಯ ತಂದೆ ಆದಿನಾಥ ಹೆಸರಿಗೆ ಆದಿ. ಆದರೆ ಅವನು ಜನರಿಗೆ ಬೇಸಾಯ, ಬರವಣಿಗೆ, ಕಸುಬು ಕಲಿಸಿದವನು. ಅವನಿಗಿಂತ ಮೊದಲೂ ಜನ ಇದ್ದರು. ಬೆಳಗೊಳದ ಬೆಟ್ಟ ಹತ್ತುವಾಗಲೆಲ್ಲ ನನಗೆ ಈ ಯೋಚನೆ ಬರುತ್ತದೆ, ತಲೆ ಒಂದು ಕ್ಷಣ ತಿರುಗಿದ ಹಾಗಾಗುತ್ತದೆ.

ಅಂದರೆ ಧರ್ಮದ ಕತೆಗಳು ಊರಿನ ವಿಳಾಸಕ್ಕೆ ಅಷ್ಟು ಗಂಟುಬಿದ್ದಿಲ್ಲ. ಗಂಟುಬಿದ್ದವರು ನಾವು. ಮೊದಲ ಮನುಷ್ಯ ನಮ್ಮವನಾದರೆ ಭೂಮಿಯ ಪಹಣಿ ನಮ್ಮ ಹೆಸರಿಗೆ ಬಂತು ಅನ್ನುವ ಆಸೆ ಅದು.

ಈ ಆಸೆ ವಿಜ್ಞಾನಿಗಳನ್ನೂ ಬಿಟ್ಟಿಲ್ಲ. ಮನುಷ್ಯನ ಮೂಲ ಆಫ್ರಿಕಾದಲ್ಲಿ ಇರಬಹುದು ಅಂತ ಡಾರ್ವಿನ್ 1871ರಲ್ಲೇ ಬರೆದಿದ್ದ. ಯುರೋಪಿನ ಬಹಳ ಜನಕ್ಕೆ ಅದು ರುಚಿಸಲಿಲ್ಲ. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್ ಎಂಬಲ್ಲಿ ಮಂಗನಿಗೂ ಮನುಷ್ಯನಿಗೂ ನಡುವಿನವನ ತಲೆಬುರುಡೆ ಸಿಕ್ಕಿತು ಎಂದು ಸುದ್ದಿಯಾಯಿತು. ಇಂಗ್ಲಿಷರಿಗೆ ಹಬ್ಬ. ದೊಡ್ಡ ದೊಡ್ಡ ಪಂಡಿತರೇ ಒಪ್ಪಿಕೊಂಡರು. 1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್‌ನಲ್ಲಿ ಒಂದು ಮಗುವಿನ ಬುರುಡೆ ಸಿಕ್ಕಿತು. ಇದು ನಮ್ಮ ಪೂರ್ವಜರ ಕಡೆಯದು ಅಂತ ವಿಜ್ಞಾನಿ ರೇಮಂಡ್ ಡಾರ್ಟ್ ಹೇಳಿದರೆ, ಅದು ಯಾವುದೋ ಕೋತಿಯದು ಅಂತ ತಳ್ಳಿಹಾಕಿದರು. ನಿಜವಾದ ಮಗು ಎಷ್ಟೋ ವರ್ಷ ಮೂಲೆಯಲ್ಲಿ ಕೂರಬೇಕಾಯಿತು. ಕೊನೆಗೆ 1953ರಲ್ಲಿ ಪಿಲ್ಟ್‌ಡೌನ್ ಬುರುಡೆಯ ಗುಟ್ಟು ಹೊರಬಿತ್ತು. ತಲೆ ಮನುಷ್ಯನದು, ದವಡೆ ಒರಾಂಗುಟಾನ್‌ನದು. ಹಲ್ಲನ್ನು ಉಜ್ಜಿ ತೇಯ್ದು, ಹಳೆಯದಾಗಿ ಕಾಣಲಿ ಅಂತ ಬಣ್ಣ ಹಾಕಿದ್ದರು. ನಲವತ್ತು ವರ್ಷ ಆ ಮೋಸ ನಡೆಯಿತು. ಯಾಕೆ ಅಂದರೆ ಆ ಉತ್ತರ ಅವರಿಗೆ ಬೇಕಾಗಿತ್ತು. ಕಣದಲ್ಲಿ ಆ ಹುಡುಗನ ಬಾಯಿ ಮುಚ್ಚಿಸಿದಾಗ ನನಗೆ ನೆನಪಾಗಿದ್ದು ಟೌಂಗ್‌ನ ಆ ಮಗು.

ಆದರೂ ವಿಜ್ಞಾನದ ಮೇಲೆ ನನಗೆ ನಂಬಿಕೆ ಜಾಸ್ತಿ. ತಪ್ಪು ಮಾಡಿದವರೂ ಅವರೇ, ತಪ್ಪನ್ನು ಹಿಡಿದು ಎಲ್ಲರೆದುರು ಹೇಳಿದವರೂ ಅವರೇ. ಈಗಲೂ ಲೆಕ್ಕ ತಿದ್ದುತ್ತಲೇ ಇದ್ದಾರೆ. ಇಥಿಯೋಪಿಯಾದ ಓಮೋ ನದಿಯ ಬಳಿ 1967ರಲ್ಲಿ ಸಿಕ್ಕ, ನಮ್ಮಂಥ ಮನುಷ್ಯರ ಎಲುಬು 1.95 ಲಕ್ಷ ವರ್ಷ ಹಳೆಯದು ಅನ್ನುತ್ತಿದ್ದರು. 2022ರಲ್ಲಿ ಅದನ್ನು ಕನಿಷ್ಠ 2.3 ಲಕ್ಷಕ್ಕೆ ಏರಿಸಿದರು. ಮೊರಾಕ್ಕೋದ ಜೆಬೆಲ್ ಇರ್ಹೌದ್‌ನ ಎಲುಬು ಸುಮಾರು 3 ಲಕ್ಷ ವರ್ಷದ್ದು ಅಂತ 2017ರಲ್ಲಿ ಗೊತ್ತಾಯಿತು. ಹಾಗಾಗಿ ಆಫ್ರಿಕಾದ ಇಂಥದ್ದೇ ಒಂದು ಹಳ್ಳಿ ಅಂತ ಈಗ ಬೆರಳಿಡುವುದು ಕಷ್ಟ. ಇಡೀ ಖಂಡದಲ್ಲಿ ಚದುರಿದ್ದ ಗುಂಪುಗಳು ಸೇರುತ್ತಾ, ಬೇರೆಯಾಗುತ್ತಾ ನಾವಾದೆವು ಅನ್ನುವವರು ಹೆಚ್ಚಾಗಿದ್ದಾರೆ. ನಮ್ಮ ರಾಜ್ಯದ್ದೇ ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷ ಹಳೆಯ ಕಲ್ಲಿನ ಆಯುಧಗಳು ಸಿಕ್ಕಿವೆ. ಅದು ನಿಜಕ್ಕೂ ದೊಡ್ಡ ವಿಷಯ. ಆದರೆ ಅವನ್ನು ಮಾಡಿದವರು ನಮ್ಮಂಥ ಮನುಷ್ಯರಲ್ಲ, ನಮಗಿಂತ ಹಿಂದಿನ ಬೇರೆ ಮನುಷ್ಯರು.

ಆಫ್ರಿಕಾ ಅಂತ ಹೇಗೆ ಗೊತ್ತಾಗುತ್ತದೆ? ಎಲುಬು ಬಿಡಿ, ತೋಟದವರಿಗೆ ಅರ್ಥವಾಗುವ ಸಾಕ್ಷಿ ಹೇಳುತ್ತೇನೆ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಈ ಗಿರಿಯಲ್ಲಿ ಬಿತ್ತಿದರು ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದವರು. ಆದರೆ ಅರೇಬಿಕಾದ ತವರು ಯೆಮೆನ್ ಅಲ್ಲ, ಇಥಿಯೋಪಿಯಾದ ಕಾಡು. ಅಲ್ಲಿನ ಕಾಡುಗಿಡಗಳಲ್ಲಿ ಇರುವಷ್ಟು ಬಗೆ ಯೆಮೆನ್‌ನಲ್ಲಿಲ್ಲ. ಯೆಮೆನ್‌ನಿಂದ ಬೆರಳೆಣಿಕೆ ಬೀಜ ಬಂದ ಕಡೆ ಇನ್ನೂ ಕಡಿಮೆ. ಮೂಟೆಯಿಂದ ಒಂದು ಬೊಗಸೆ, ಬೊಗಸೆಯಿಂದ ಒಂದು ಚಿಟಿಕೆ. ಹಾಗೆಯೇ ಮನುಷ್ಯರ ಡಿಎನ್‌ಎಯಲ್ಲಿ ಅತಿ ಹೆಚ್ಚು ಬಗೆ ಇರುವುದು ಆಫ್ರಿಕಾದಲ್ಲಿ. ದೂರ ಹೋದ ಹಾಗೆಲ್ಲ ಅದು ಕಡಿಮೆಯಾಗುತ್ತಾ ಹೋಗುತ್ತದೆ. ಮೂಟೆ ಎಲ್ಲಿದೆ ಅಂತ ಬೀಜವೇ ಹೇಳುತ್ತದೆ, ಅಲ್ವಾ? ಕೆಂಪು ಸಮುದ್ರದ ಕೆಳತುದಿಯನ್ನು ದಾಟಿ, ಯೆಮೆನ್ ಕಡೆಯಿಂದ ಕಡಲ ತೀರ ಹಿಡಿದು ಜನ ಭಾರತಕ್ಕೆ ಬಂದರು ಅನ್ನುವ ವಿಜ್ಞಾನಿಗಳೂ ಇದ್ದಾರೆ. ಎಷ್ಟೋ ಸಾವಿರ ವರ್ಷಗಳಾದ ಮೇಲೆ ಕಾಫಿ ಬಂದಿದ್ದೂ ಆ ಕಡೆಯಿಂದಲೇ.

ಹತ್ತೊಂಬತ್ತನೇ ಶತಮಾನದಲ್ಲಿ ಎಲೆ ತುಕ್ಕು ರೋಗ ಬಂದಾಗ ನಮ್ಮ ಹಳೆಯ ಚಿಕ್ಸ್ ಎಂಬ ಕಾಫಿ ತಳಿ ನೆಲಕಚ್ಚಿತು. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ಅಲ್ಲಿಂದ ಬಂದ ಸೆಲೆಕ್ಷನ್ 9 ತಳಿಯ ಒಂದು ಕಡೆಯ ಹೆತ್ತವರು ಇಥಿಯೋಪಿಯಾದ ತಫಾರಿಕೆಲಾ ಎಂಬ ಕಾಫಿ. ಹೊಸ ತಳಿ ಬೇಕಾದಾಗ ತವರಿನ ಕಡೆ ನೋಡಿದರು. ತೋಟದ ಗಿಡ ಆಫ್ರಿಕಾದ್ದು, ನೆರಳಿನ ಸಿಲ್ವರ್ ಓಕ್ ಆಸ್ಟ್ರೇಲಿಯಾದ್ದು. ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಮಾತ್ರ ನಮ್ಮ ಘಟ್ಟದ್ದು. ಹಣ್ಣು ಕುಯ್ಯಲು ಅಸ್ಸಾಮಿನಿಂದ ಜನ ಬರುತ್ತಾರೆ. ಅವರನ್ನು ಹೊರಗಿನವರು ಅನ್ನುವಾಗ ನಮ್ಮ ದನಿ, ಆಫ್ರಿಕಾ ಅಂದಾಗ ಬಂದ ದನಿಯ ಹಾಗೆಯೇ ಇರುತ್ತದೆ. ನನಗೆ ಸಂಕಟವಾಗುವುದು ಅಲ್ಲಿ.

ಇದನ್ನೆಲ್ಲ ನಿನ್ನೆ ರಾತ್ರಿ ದೊಡ್ಡಪ್ಪನಿಗೆ ಫೋನ್ ಮಾಡಿ ಹೇಳಿದೆ. ಮನುವಿನ ಮಾತನ್ನು ಅವರು ಬಿಟ್ಟುಕೊಡಲಿಲ್ಲ. ಬಿಟ್ಟುಕೊಡಿ ಅಂತ ನಾನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಕಾಡಲ್ಲಿ ಕಾಫಿ ನೆರಳಲ್ಲೇ ಬೆಳೆಯುತ್ತಾ?" ಅಂತ ಕೇಳಿದರು. ಹೌದು, ದೊಡ್ಡ ಮರಗಳ ಕೆಳಗೆ ಅಂದೆ. "ಹಾಂ" ಅಂದರು. ಆಮೇಲೆ, ಮಳೆ ಹಿಡಿಯುವ ಮೊದಲು ಮೇಲಿನ ಪಟ್ಟೆಯಲ್ಲಿ ಗುಂಡಿ ತೆಗೆಸಬೇಕು, ಆ ಸೆಲೆಕ್ಷನ್ 9ರ ಗಿಡ ಎಲ್ಲಿ ಸಿಗುತ್ತೆ ವಿಚಾರಿಸು ಅಂದರು.