ನಟ್ಟು ಮುಟ್ಟುವ ಮೊದಲು ಗಾಳಿ

ನಿಮ್ಮ ಲೇಖನದಲ್ಲಿ, ಎರಡು ಹೋಳಿನ ರಿಮ್ಮಿಗೆ ಬೀಡ್‌ಲಾಕ್ (ಟೈರಿನ ಅಂಚನ್ನು ರಿಮ್ಮಿಗೆ ಒತ್ತಿ ಹಿಡಿಯುವ) ರಬ್ಬರ್ ಬಳೆ ಹಾಕಿ, ಕಾಡುದಾರಿಯ ದಪ್ಪ ಟೈರನ್ನು ಮನೆಯಲ್ಲೇ ಕೂರಿಸಬಹುದು ಎಂದು ಬರೆದಿದ್ದೀರಿ. ನಿಜ. ಬನಶಂಕರಿಯ ನಮ್ಮ ಮನೆಯ ಮುಂದೆ ನಾನೂ ತಮ್ಮನೂ ನಾಲ್ಕು ಚಕ್ರ ಕೂರಿಸಿದ್ದೇವೆ. ಆದರೆ ಹಳೆಯ ಟೈರ್ ಬಿಚ್ಚುವುದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ಸರಿಯಲ್ಲ. ರಿಮ್ಮಿನ ಎರಡು ಹೋಳುಗಳನ್ನು ಹಿಡಿದಿಟ್ಟಿರುವುದು ಸುತ್ತಲಿನ ನಟ್ಟುಗಳು ಮಾತ್ರ. ಒಳಗೆ ಗಾಳಿ ಇರುವಾಗ ಅವನ್ನು ಸಡಿಲಿಸಿದರೆ ಹೋಳು ಸಿಡಿದು ಎದುರಿದ್ದವರ ಜೀವವನ್ನೇ ತೆಗೆಯಬಲ್ಲದು. ನಟ್ಟು ಮುಟ್ಟುವ ಮೊದಲು ವಾಲ್ವಿನ ಪಿನ್ನನ್ನು ಪೂರ್ತಿ ಹೊರತೆಗೆದು ಗಾಳಿ ಬಿಡಬೇಕು. ಸುಂಯ್ ಎಂಬ ಸದ್ದು ನಿಂತ ಮೇಲೂ ರಂಧ್ರದೊಳಗೆ ತೆಳು ತಂತಿ ಆಡಿಸಿ ನೋಡಬೇಕು. ನಮ್ಮದರಲ್ಲಿ ಒಣಗಿದ ಕೆಸರು ಕಟ್ಟಿಕೊಂಡಿತ್ತು. ತಂತಿ ತಾಗಿದೊಡನೆ ಮತ್ತೆ ಗಾಳಿ ಹೊರಟಿತು. ತಮ್ಮನ ಕೈಯಲ್ಲಿ ಆಗಲೇ ಸ್ಪ್ಯಾನರ್ ಇತ್ತು. ನೆನೆದರೆ ಈಗಲೂ ಮೈ ನಡುಗುತ್ತದೆ.

ಬಳೆಯನ್ನು ಟೈರಿನೊಳಗೆ ತೂರಿಸಲು ಬರಿಗೈ ಸಾಕು ಎಂದಿದ್ದೀರಿ; ಸಾಲದು. ಬಿಸಿಲಿಗಿಟ್ಟು ಮೆತ್ತಗಾದ ಮೇಲೆ, ಸಾಮಾನು ಕಟ್ಟುವ ಪಟ್ಟಿಯಿಂದ ಗೋಡಂಬಿಯ ಆಕಾರಕ್ಕೆ ಬಿಗಿದು, ಸೋಪಿನ ನೀರು ಸವರಿದರೆ ಒಳಗೆ ಹೋಗುತ್ತದೆ. ಆ ಬಳೆ ಟೈರಿನ ಎರಡೂ ಅಂಚುಗಳನ್ನು ರಿಮ್ಮಿಗೆ ಒತ್ತಿ ಹಿಡಿಯುವುದರಿಂದಲೇ 10–12 ಪಿಎಸ್‌ಐನಷ್ಟು ಕಡಿಮೆ ಒತ್ತಡದ ಗಾಳಿಯಲ್ಲೂ ಟೈರ್ ಕಳಚುವುದಿಲ್ಲ. ಹೋಳುಗಳ ನಡುವಿನ ರಬ್ಬರ್ ಉಂಗುರ ಹೊಸದೇ ಆಗಿರಲಿ. ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಬಿಗಿಯಿರಿ. ಕೊನೆಯ ಬಿಗಿತಕ್ಕೆ, ಎಷ್ಟು ಬಿಗಿದಿದೆ ಎಂದು ಅಳೆದು ತೋರಿಸುವ ಟಾರ್ಕ್ ರೆಂಚ್ ಬೇಕೇ ಬೇಕು. ದಯವಿಟ್ಟು ಗಾಳಿ ತೆಗೆಯುವ ಮಾತನ್ನು ಲೇಖನದ ಮೊದಲ ಸಾಲಿಗೇ ತನ್ನಿ.