ಎಲ್ಲಾ ನೆನಪಿದೆ, ನಿಮ್ಮ ದೂರೊಂದು ಬಿಟ್ಟು

ಇವತ್ತಿನ ಕಾರಿನ ಬಾನೆಟ್ ಕೆಳಗೆ ಒಂದು ಡಬ್ಬಿ ಕೂತಿರುತ್ತದೆ. ಇಸಿಯು ಅಂತ ಕರೆಯುತ್ತಾರೆ. ಎಷ್ಟು ಪೆಟ್ರೋಲ್ ಚಿಮ್ಮಬೇಕು, ಕಿಡಿ ಯಾವಾಗ ಹಾರಬೇಕು, ಟರ್ಬೊ ಎಷ್ಟು ಗಾಳಿ ಒತ್ತಬೇಕು, ಎಲ್ಲವನ್ನೂ ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕ ಹಾಕುವ ಮಹಾ ಬುದ್ಧಿವಂತ ಡಬ್ಬಿ ಅದು. ಅದರ ಬುದ್ಧಿಯ ಬಗ್ಗೆ ನನಗೆ ತಕರಾರಿಲ್ಲ. ನೆನಪಿನ ಬಗ್ಗೆ ಮಾತ್ರ ಅನುಮಾನ. ಕೇಳುವವರು ಯಾರು ಅಂತ ನೋಡಿಕೊಂಡು ಅದಕ್ಕೆ ನೆನಪು ಬರುತ್ತದೆ, ಇಲ್ಲವೇ ಮರೆತುಹೋಗುತ್ತದೆ.

ನೀವು ಕೇಳಿದರೆ ಏನಾಗುತ್ತದೆ ನೋಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಕಟಕ ಶಬ್ದ. ಎರಡನೇ ಗೇರಿಗೆ ಬಂದರೆ ಒಂದು ಜರ್ಕ್. ಸರ್ವಿಸ್ ಸೆಂಟರಿಗೆ ಹೋಗುತ್ತೀರಿ. ಅಡ್ವೈಸರ್ ಟ್ಯಾಬ್ಲೆಟ್ ಹಿಡಿದು ನಗುತ್ತಾ ಬರುತ್ತಾರೆ. ನೀವು ಕೈಸನ್ನೆ ಮಾಡಿ, ಬಾಯಲ್ಲೇ ಆ ಶಬ್ದ ಹೊರಡಿಸಿ, ಅದು ಎಂಜಿನ್ ತಣ್ಣಗಿದ್ದಾಗ ಮಾತ್ರ ಬರುತ್ತದೆ ಅಂತ ಒತ್ತಿ ಒತ್ತಿ ಹೇಳುತ್ತೀರಿ. ಅಷ್ಟೂ ಕೇಳಿಸಿಕೊಂಡು ಅವರು ಜಾಬ್ ಕಾರ್ಡಿನಲ್ಲಿ ‘ಶಬ್ದ ಚೆಕ್’ ಅಂತ ಬರೆಯುತ್ತಾರೆ. ಸಂಜೆ ಫೋನ್ ಬರುತ್ತದೆ.

‘ಸ್ಕ್ಯಾನ್ ಮಾಡಿದ್ವಿ ಸರ್. ಒಂದು ಫಾಲ್ಟ್ ಕೋಡೂ ಇಲ್ಲ. ಗಾಡಿ ಸೂಪರ್ ಆಗಿದೆ.’

‘ಮತ್ತೆ ಆ ಶಬ್ದ?’

‘ಈ ಮಾಡೆಲ್ಲಿನಲ್ಲಿ ಎಲ್ಲಾ ಗಾಡಿಗೂ ಬರುತ್ತೆ ಸರ್.’

ಎಲ್ಲಾ ಗಾಡಿಗೂ ಬರುವ ಕಾಯಿಲೆ ಕಾಯಿಲೆಯೇ ಅಲ್ಲ. ಒಬ್ಬನ ಗಾಡಿ ಕೆಟ್ಟರೆ ಅವನು ಓಡಿಸಿದ್ದು ಸರಿಯಿಲ್ಲ, ಎಲ್ಲರದ್ದೂ ಕೆಟ್ಟರೆ ಅದು ಡಿಸೈನ್. ನಡುವೆ ಎಷ್ಟು ಜನರ ಗಾಡಿ ಕೆಟ್ಟರೆ ಅದನ್ನು ರಿಪೇರಿ ಅಂತ ಒಪ್ಪಿಕೊಳ್ಳುತ್ತಾರೋ, ಆ ಸಂಖ್ಯೆಯನ್ನು ಮಾತ್ರ ಯಾವ ಕಂಪನಿಯೂ ಬಾಯಿ ಬಿಟ್ಟು ಹೇಳಿಲ್ಲ.

ಸ್ಕ್ಯಾನರ್ ಸುಳ್ಳು ಹೇಳಿತು ಅನ್ನೋ ಹಾಗಿಲ್ಲ. ಸೆನ್ಸರ್ ಇದ್ದ ಕಡೆ, ಅದರ ಅಳತೆ ಗೆರೆ ದಾಟಿದಾಗ ಮಾತ್ರ ಕೋಡ್ ಹುಟ್ಟುತ್ತದೆ. ಸಡಿಲವಾದ ಬ್ರಾಕೆಟ್ಟಿಗೆ ಸೆನ್ಸರ್ ಇಲ್ಲ. ಸವೆದ ಬುಷ್‌ಗೂ ಇಲ್ಲ. ಕಿವಿಯಿಂದ ಕೇಳಬೇಕಾದ್ದನ್ನು ಕಿವಿಯೇ ಇಲ್ಲದ ಡಬ್ಬಿಯ ಹತ್ತಿರ ಕೇಳಿದರೆ ಅದು ತಾನೆ ಏನು ಹೇಳೀತು?

ಆಯಿಲ್ ವಿಷಯಕ್ಕೆ ಬನ್ನಿ. ಫೋಕ್ಸ್‌ವ್ಯಾಗನ್ ಗುಂಪಿನ ಕಾರುಗಳ ಕೈಪಿಡಿಯಲ್ಲಿ ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ತನಕ ಎಂಜಿನ್ ಆಯಿಲ್ ಖರ್ಚಾಗಬಹುದು ಅಂತ ಬರೆದಿರುತ್ತದೆ. ಸುಮ್ನೆ ಒಂದು ಲೆಕ್ಕ ಹಾಕಿ. 15,000 ಕಿಲೋಮೀಟರಿಗೆ ಒಂದು ಸರ್ವಿಸ್ ಅಂದರೆ 7.5 ಲೀಟರ್ ಆಯಿತು. ಸಾಮಾನ್ಯ ನಾಲ್ಕು ಸಿಲಿಂಡರ್ ಎಂಜಿನ್ನಿಗೆ ಹಿಡಿಸುವುದೇ 4ರಿಂದ 6 ಲೀಟರ್. ಅಂದರೆ ತುಂಬಿಸಿದ ಅಷ್ಟೂ ಆಯಿಲ್ ಕುಡಿದು ಮುಗಿಸಿ, ಮೇಲೆ ಇನ್ನಷ್ಟು ಕುಡಿದರೂ ಎಂಜಿನ್ ಆರೋಗ್ಯವಾಗಿಯೇ ಇದೆ. ಒಪ್ಪುವುದಿಲ್ಲ ಅಂತ ನೀವು ಹಟ ಹಿಡಿದರೆ ಪರೀಕ್ಷೆ ಇಡುತ್ತಾರೆ. ಆಯಿಲ್ ತುಂಬಿಸಿ ಸೀಲ್ ಮಾಡುತ್ತಾರೆ. ಸಾವಿರ ಕಿಲೋಮೀಟರ್ ಓಡಿಸಿಕೊಂಡು ಬನ್ನಿ. ಬಂದಿರಾ? ಸಂತೋಷ, ಇನ್ನೊಂದು ಸಾವಿರ ಓಡಿಸಿ. ಅಷ್ಟರಲ್ಲಿ ಎಂಜಿನ್ ಸರಿಹೋಗದಿದ್ದರೂ ವಾರಂಟಿಯಂತೂ ಮುಗಿದಿರುತ್ತದೆ.

ಈಗ ಪಾತ್ರ ಬದಲಾಯಿಸೋಣ. ನಿಮ್ಮ ಟರ್ಬೊ ಹೋಯಿತು. ವಾರಂಟಿಯಲ್ಲಿ ಹಾಕಿಕೊಡಿ ಅಂತ ಕೇಳುತ್ತೀರಿ. ನಿನ್ನೆ ತನಕ ಏನೂ ಗೊತ್ತಿಲ್ಲದ ಅದೇ ಡಬ್ಬಿಗೆ ಈಗ ಜ್ಞಾನೋದಯವಾಗುತ್ತದೆ. ಪವರ್ ಏರಿಸಲು ಅದರ ಸಾಫ್ಟ್‌ವೇರನ್ನು ಹೊರಗಿನವರ ಕೈಲಿ ಬದಲಾಯಿಸಿಕೊಂಡಿದ್ದೀರಾ, ಅಂದರೆ ‘ಟ್ಯೂನ್’ ಮಾಡಿಸಿದ್ದೀರಾ ಅಂತ ಹುಡುಕುತ್ತಾರೆ. ಡಬ್ಬಿಯೊಳಗಿನ ಸಾಫ್ಟ್‌ವೇರನ್ನು ಎಷ್ಟು ಸಲ ಬದಲಾಯಿಸಿದ್ದಾರೆ ಅನ್ನುವುದಕ್ಕೆ ಎಷ್ಟೋ ಕಾರುಗಳಲ್ಲಿ ಒಂದು ಎಣಿಕೆ ಇರುತ್ತದೆ. ಒಳಗಿನ ಒಂದೇ ಒಂದು ಅಂಕಿ ಬದಲಾದರೂ ಗೊತ್ತಾಗುವ ಹಾಗೆ, ಇಡೀ ಸಾಫ್ಟ್‌ವೇರಿನಿಂದ ಲೆಕ್ಕ ಹಾಕಿ ತೆಗೆದ ಒಂದು ತಾಳೆ ಸಂಖ್ಯೆ ಇರುತ್ತದೆ. ಪೋರ್ಷೆಯ ಕಂಪ್ಯೂಟರ್ ಇನ್ನೂ ಒಂದು ಕೈ ಮೇಲೆ. ಎಂಜಿನ್ ತನ್ನ ಮಿತಿ ಮೀರಿ ತಿರುಗಿದ್ದನ್ನು ಆರು ಮೆಟ್ಟಿಲುಗಳಾಗಿ ವಿಂಗಡಿಸಿ, ಎಂಜಿನ್ ಓಡಿದ ಎಷ್ಟನೇ ಗಂಟೆಯಲ್ಲಿ ಹಾಗಾಯಿತು ಅಂತಲೂ ಬರೆದಿಡುತ್ತದೆ. ನಿಮ್ಮ ಟಕಟಕ ಶಬ್ದಕ್ಕೆ ಒಂದು ಸಾಲೂ ಸಿಗದ ಪುಸ್ತಕದಲ್ಲಿ ನಿಮ್ಮ ಒಂದು ತಪ್ಪು ಗೇರಿಗೆ ಇಷ್ಟು ದೊಡ್ಡ ಜಾಗ!

ಆಡಿ, ಫೋಕ್ಸ್‌ವ್ಯಾಗನ್ ಮಂದಿಗೆ ‘ಟಿಡಿ1’ ಅಂದರೆ ಮೈ ನಡುಗುತ್ತದೆ. ಸರ್ವಿಸಿಗೆ ಹೋದ ಗಾಡಿಯನ್ನು ಸ್ಕ್ಯಾನರಿಗೆ ಸಿಕ್ಕಿಸುತ್ತಾರೆ. ಅದು ಇಸಿಯುವಿನ ಮಾಹಿತಿಯನ್ನು ಕಂಪನಿಯ ಸರ್ವರಿಗೆ ಕಳಿಸುತ್ತದೆ. ಅಲ್ಲಿರುವ ಮೂಲ ಸಾಫ್ಟ್‌ವೇರಿಗೂ ಇದಕ್ಕೂ ತಾಳೆಯಾಗದಿದ್ದರೆ ಚಾಸಿ ನಂಬರಿನ ಮುಂದೆ ಟಿಡಿ1 ಅಂತ ಮುದ್ರೆ ಬೀಳುತ್ತದೆ. ಆಮೇಲೆ ನೀವು ಹಳೆ ಸಾಫ್ಟ್‌ವೇರ್ ವಾಪಸ್ ಹಾಕಿಸಿದರೂ ಆ ಮುದ್ರೆ ತಾನಾಗಿ ಅಳಿಯುವುದಿಲ್ಲ. ಗಾಡಿ ಮಾರಿದರೆ ಗಾಡಿಯ ಜೊತೆಗೇ ಹೋಗುತ್ತದೆ. ಟ್ಯೂನ್ ಮಾಡಿಸಿದವನು ಯಾರೋ. ಎಂಜಿನ್ನಿಗೆ ವಾರಂಟಿ ಇಲ್ಲ ಅಂತ ಕೌಂಟರಿನಲ್ಲಿ ಕೇಳಿಸಿಕೊಳ್ಳುವವನು ಇನ್ಯಾರೋ.

ಮಾಲೀಕರೇನು ಕಮ್ಮಿಯಿಲ್ಲ ಬಿಡಿ. ಟರ್ಬೊ ಇರುವ ಗಾಡಿಗೆ ‘ಸ್ಟೇಜ್ 1’ ಅನ್ನುವ ಮೊದಲ ಹಂತದ ಟ್ಯೂನ್ ಹಾಕಿಸಿದರೆ ಸುಮಾರು 20ರಿಂದ 30 ಶೇಕಡಾ ಪವರ್ ಏರುತ್ತದೆ. ಒಂದು ನಟ್ಟೂ ಬದಲಾಯಿಸಬೇಕಿಲ್ಲ. ಲ್ಯಾಪ್‌ಟಾಪ್ ಸಿಕ್ಕಿಸಿದರೆ ಸಾಕು. ಆ ಪವರ್ ಆಕಾಶದಿಂದ ಇಳಿದಿದ್ದಲ್ಲ. ಕೆಟ್ಟ ಪೆಟ್ರೋಲ್, ಸುಡು ಬಿಸಿಲು, ಸರ್ವಿಸ್ ಮರೆಯುವ ಮಾಲೀಕ, ಎಲ್ಲವನ್ನೂ ತಡೆದುಕೊಳ್ಳಲಿ ಅಂತ ಕಂಪನಿ ಬಿಟ್ಟಿದ್ದ ಜಾಗ ಅದು. ಟ್ಯೂನರ್ ಆ ಜಾಗವನ್ನು ನಿಮಗೇ ಮಾರುತ್ತಾನೆ. ‘ಪಿಕಪ್ಪೂ ಜಾಸ್ತಿ, ಮೈಲೇಜೂ ಜಾಸ್ತಿ’ ಅಂತ ಬೇರೆ ಹೇಳುತ್ತಾನೆ. ಕ್ಲಚ್ ಜಾರಲು ಶುರುವಾದರೆ ಅದು ಕ್ಲಚ್ಚಿನ ದೌರ್ಬಲ್ಯ. ಕಡಿಮೆ ಆರ್‌ಪಿಎಂನಲ್ಲಿ ಜಾಸ್ತಿ ಟಾರ್ಕ್ ಎಳೆದು, ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ ಒಡೆದರೆ ಅದು ಪಿಸ್ಟನ್ನಿನ ಹಣೆಬರಹ. ಟ್ಯೂನರ್ ಕೂಡ ವಾರಂಟಿ ಕೊಡುತ್ತಾನೆ, ಅದೂ ಆಜೀವ ವಾರಂಟಿ. ಅದು ಇರುವುದು ಸಾಫ್ಟ್‌ವೇರಿಗೆ. ಸಾಫ್ಟ್‌ವೇರ್ ತುಕ್ಕು ಹಿಡಿಯುವುದನ್ನು ಇದುವರೆಗೆ ಯಾರೂ ನೋಡಿಲ್ಲ.

ಸರ್ವಿಸಿಗೆ ಹೋಗುವ ಹಿಂದಿನ ದಿನ ಮಾಲೀಕ ಹಳೆ ಸಾಫ್ಟ್‌ವೇರ್ ವಾಪಸ್ ಹಾಕಿಸುತ್ತಾನೆ. ‘ಏನೂ ಮುಟ್ಟಿಲ್ಲ, ಕಂಪನಿಯಿಂದ ಬಂದ ಹಾಗೇ ಇದೆ’ ಅಂತ ಮುಖ ಗಂಟು ಹಾಕಿ ಹೇಳುತ್ತಾನೆ. ಬಾನೆಟ್ ಒಳಗೆ ಹೊರಗಿನಿಂದ ತಂದು ಹಾಕಿಸಿದ ಕೆಂಪು ಏರ್ ಫಿಲ್ಟರ್ ಹಲ್ಲು ಕಿರಿಯುತ್ತಿರುತ್ತದೆ. ಸೈಲೆನ್ಸರಿನಿಂದ ಪಟಾಕಿ ಸದ್ದು. ಅಡ್ವೈಸರ್ ಗಂಭೀರವಾಗಿ ತಲೆಯಾಡಿಸುತ್ತಾರೆ. ಇಬ್ಬರಿಗೂ ಎಲ್ಲಾ ಗೊತ್ತು.

ಅಂದ ಹಾಗೆ, ಆ ಪಟಾಕಿ ಸದ್ದನ್ನು ಕೆಲವು ಕಂಪನಿಗಳೇ ಫ್ಯಾಕ್ಟರಿಯಲ್ಲಿ ತುಂಬಿ ಕೊಡುತ್ತವೆ. ಹ್ಯೂಂಡೈ ಐ30 ಎನ್ ಅದಕ್ಕೇ ಹೆಸರುವಾಸಿ. ಕಿಡಿಯನ್ನು ತಡವಾಗಿ ಹಾರಿಸಿ ಪೆಟ್ರೋಲನ್ನು ಎಕ್ಸಾಸ್ಟಿನಲ್ಲಿ ಸುಟ್ಟರೆ ಆ ಸದ್ದು ಬರುತ್ತದೆ. ಕಂಪನಿ ಮಾಡಿದರೆ ಸ್ಪೋರ್ಟ್ ಮೋಡ್. ನೀವು ಮಾಡಿಸಿದರೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನ ಕೊಲೆ ಯತ್ನ.

ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಅಂತಾರಲ್ಲ, ಅದರ ದೊಡ್ಡ ಉದಾಹರಣೆ 2015ರ ಸೆಪ್ಟೆಂಬರಿನಲ್ಲಿ ಸಿಕ್ಕಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರುಗಳಲ್ಲಿ ಮೋಸದ ಸಾಫ್ಟ್‌ವೇರ್ ಇದೆ ಅಂತ ಫೋಕ್ಸ್‌ವ್ಯಾಗನ್ ಒಪ್ಪಿಕೊಂಡಿತು. ಸ್ಟೀರಿಂಗ್ ಹೇಗಿದೆ, ವೇಗ ಹೇಗೆ ಏರಿಳಿಯುತ್ತಿದೆ ಅಂತ ನೋಡಿ, ಇದು ಹೊಗೆ ಪರೀಕ್ಷೆ ಅಂತ ಆ ಡಬ್ಬಿ ತಾನೇ ಪತ್ತೆ ಮಾಡುತ್ತಿತ್ತು. ಪರೀಕ್ಷೆ ನಡೆಯುವಷ್ಟು ಹೊತ್ತು ಒಳ್ಳೆ ಹುಡುಗ. ರಸ್ತೆಗಿಳಿದರೆ ಅಮೆರಿಕದ ಮಿತಿಗಿಂತ 40 ಪಟ್ಟು ತನಕ ನೈಟ್ರೋಜನ್ ಆಕ್ಸೈಡ್. ಟಿಡಿ1 ಮುದ್ರೆ ಒತ್ತುವ ಅದೇ ಮನೆಯವರ ಕೆಲಸ ಇದು ಅನ್ನೋದನ್ನು ಮರೆಯಬೇಡಿ.

ಪರಿಹಾರ ಇನ್ನೂ ಮಜವಾಗಿತ್ತು. ಯುರೋಪಿನಲ್ಲಿ 2.0 ಲೀಟರ್ ಎಂಜಿನ್ನಿಗೆ ಹೊಸ ಸಾಫ್ಟ್‌ವೇರ್. 1.6 ಲೀಟರಿಗೆ ಅದರ ಜೊತೆ ಗಾಳಿ ಹೋಗುವ ದಾರಿಯಲ್ಲಿ ಜಾಲರಿ ಇರುವ ಒಂದು ಸಣ್ಣ ಪ್ಲಾಸ್ಟಿಕ್ ಕೊಳವೆ. ಅಂದರೆ ಗಾಡಿಯನ್ನು ಸರ್ವಿಸ್ ಸೆಂಟರಿಗೆ ತನ್ನಿ, ಲ್ಯಾಪ್‌ಟಾಪ್ ಸಿಕ್ಕಿಸಿ ಎಂಜಿನ್ನಿನ ನಡವಳಿಕೆಯನ್ನೇ ಬದಲಾಯಿಸಿ ಕೊಡುತ್ತೇವೆ ಅಂತ. ಇದನ್ನೇ ತಾನೆ ಟ್ಯೂನರ್ ಮಾಡುವುದು? ಹಾಗೆ ಕೇಳಬಾರದು. ಅವನು ಮಾಡುವುದು ರೀಮ್ಯಾಪ್, ಇವರು ಮಾಡುವುದು ಅಪ್‌ಡೇಟ್.

ಕಂಪನಿಗಳಿಗೆ ಪವರ್ ಹೆಚ್ಚಿಸುವುದರ ಮೇಲೆ ದ್ವೇಷವೇನೂ ಇಲ್ಲ. ಹಣ ಇನ್ನೊಬ್ಬರ ಜೇಬಿಗೆ ಹೋಗುವುದರ ಮೇಲೆ ಮಾತ್ರ. 2022ರಲ್ಲಿ ಮರ್ಸಿಡಿಸ್ ತನ್ನ ಎಲೆಕ್ಟ್ರಿಕ್ ಕಾರುಗಳಿಗೆ ವರ್ಷದ ಚಂದಾ ಘೋಷಿಸಿತು. ಕಟ್ಟಿದರೆ ಇಕ್ಯೂಇ 350 ಕಾರಿನ ಪವರ್ 288ರಿಂದ 349 ಅಶ್ವಶಕ್ತಿಗೆ ಏರುತ್ತದೆ ಅಂದಿತು. ಮೋಟಾರ್ ಹಳೆಯದೇ. ಕಾರು ಕೊಂಡ ದಿನದಿಂದ ಅದರೊಳಗೇ ಬೀಗ ಹಾಕಿಕೊಂಡು ಕೂತಿದ್ದ ಶಕ್ತಿಗೆ ಬಾಡಿಗೆ. ಚಂದಾ ಕಟ್ಟಿದ ತಕ್ಷಣ ಆ ಭಾಗಗಳು ಹೆಚ್ಚಿನ ಹೊರೆ ತಾಳಲು ಕಲಿತುಬಿಡುತ್ತವೆ!

ಇನ್ನೊಂದು ಹಳೆಯ ರತ್ನ ಇದೆ. ನಿಸ್ಸಾನ್ ಜಿಟಿ-ಆರ್ ಅಮೆರಿಕಕ್ಕೆ ಬಂದ ಹೊಸತರಲ್ಲಿ, ಗಾಡಿಯ ಹಿಡಿತ ಕಾಯುವ ವಿಡಿಸಿಯನ್ನು ಆಫ್ ಮಾಡಿ ಓಡಿಸಿದಾಗ ಆದ ಹಾನಿಗೆ ವಾರಂಟಿ ಸಿಗದು ಅನ್ನುವ ಷರತ್ತು ಇತ್ತು. ಆಫ್ ಮಾಡುವ ಸ್ವಿಚ್ ಕೊಟ್ಟವರು ಯಾರು? ಅವರೇ. ಕೈಗೆಟುಕುವ ಕಡೆ ಇಟ್ಟವರು? ಅವರೇ.

ಕಾನೂನು ಇಲ್ಲವಾ ಅಂದರೆ, ಇದೆ. ಅಮೆರಿಕದಲ್ಲಿ 1975ರಿಂದಲೇ ಮ್ಯಾಗ್ನಸನ್-ಮಾಸ್ ಕಾಯ್ದೆ ಇದೆ. ಹೊರಗಿನ ಬಿಡಿಭಾಗ ಹಾಕಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ವಾರಂಟಿ ನಿರಾಕರಿಸುವ ಹಾಗಿಲ್ಲ. ಕೆಟ್ಟದ್ದು ಅದರಿಂದಲೇ ಅಂತ ಕಂಪನಿ ತೋರಿಸಬೇಕು. ಹೀಗೆ ಕಾನೂನು ಇದ್ದೂ 2018ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆಯಬೇಕಾಯಿತು. ಆರರಲ್ಲಿ ಒಂದು ಕಾರು ಕಂಪನಿ. ಕೌಂಟರಿಗೆ ಬಂದಾಗ ಮಾತ್ರ ಕಾನೂನಿನ ಈ ಸೂಕ್ಷ್ಮವೆಲ್ಲಾ ಕರಗಿ ನೀರಾಗುತ್ತದೆ. ‘ಟ್ಯೂನ್ ಆಗಿದೆ ಸರ್, ವಾರಂಟಿ ಪೂರ್ತಿ ಹೋಯ್ತು’ ಅಂತ ಒಂದೇ ಮಾತು. ಪವರ್ ವಿಂಡೋ ಸ್ವಿಚ್ಚಿಗೂ ಟರ್ಬೊಗೂ ಏನು ಸಂಬಂಧ ಅಂತ ಕೇಳಿದರೆ ಮ್ಯಾನೇಜರ್ ಮೀಟಿಂಗಿನಲ್ಲಿರುತ್ತಾರೆ.

ಹಾಗಂತ ಅಡ್ವೈಸರನ್ನು ಬೈದು ಪ್ರಯೋಜನವಿಲ್ಲ. ವಾರಂಟಿ ಕೆಲಸಕ್ಕೆ ಡೀಲರಿಗೆ ಹಣ ಕೊಡುವುದು ಕಂಪನಿ. ಪ್ರತಿ ಕೆಲಸಕ್ಕೂ ಇಷ್ಟೇ ಹೊತ್ತು ಅಂತ ಕಂಪನಿಯೇ ಗೊತ್ತು ಮಾಡಿರುತ್ತದೆ. ಗಿರಾಕಿ ಕೈಯಿಂದ ಹಣ ಕೊಡುವ ಕೆಲಸಕ್ಕಿಂತ ಅದು ಎಷ್ಟೋ ಸಲ ಕಮ್ಮಿ. ಮೆಕ್ಯಾನಿಕ್ ಗಾಡಿ ಕೆಳಗೆ ಮಲಗಿ ಅರ್ಧ ದಿನ ಶಬ್ದ ಹುಡುಕಿದರೆ ಆ ಹೊತ್ತಿಗೆ ಪೂರ್ತಿ ಹಣ ಬರುವುದೇ ಅಪರೂಪ. ಮೇಲಿಂದ ಆಡಿಟ್ ಬೇರೆ. ಜಾಬ್ ಕಾರ್ಡಿನಲ್ಲಿ ಒಂದು ಸಾಲು ತಪ್ಪಿದ್ದರೆ ಕೊಟ್ಟ ಹಣವನ್ನೂ ವಾಪಸ್ ಕಿತ್ತುಕೊಳ್ಳುತ್ತಾರೆ. ಆದರೆ ಗಾಡಿಯಲ್ಲಿ ಟ್ಯೂನ್ ಸಿಕ್ಕಿತು ಅನ್ನಿ. ಕ್ಲೇಮಿನ ತಲೆನೋವಿಲ್ಲ, ಬಿಲ್ ಪೂರ್ತಿ ಗಿರಾಕಿಯದ್ದು. ಶಬ್ದ ಹುಡುಕಿದರೆ ನಷ್ಟ, ಟ್ಯೂನ್ ಹುಡುಕಿದರೆ ಲಾಭ. ಡಬ್ಬಿಯ ನೆನಪು ಯಾವ ಕಡೆ ವಾಲುತ್ತದೆ ಅಂತ ಬೇರೆ ಹೇಳಬೇಕಾ?

ಏನೂ ರಿಪೇರಿಯಾಗದ ಗಾಡಿಯನ್ನು ಚೆನ್ನಾಗಿ ತೊಳೆದು ಕೊಡುತ್ತಾರೆ. ಎರಡು ದಿನ ಬಿಟ್ಟು ಫೋನ್.

‘ಸರ್, ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರುತ್ತೆ. ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ. ಒಂಬತ್ತು ಕೊಟ್ಟರೂ ನಮಗೆ ಫೇಲ್ ಲೆಕ್ಕ.’

‘ಶಬ್ದ ಹಾಗೇ ಇದೆಯಲ್ಲಮ್ಮ.’

‘ಆ ಪ್ರಶ್ನೆನೂ ಬರುತ್ತೆ ಸರ್. ಸಮಸ್ಯೆ ಮೊದಲ ಭೇಟಿಯಲ್ಲೇ ಬಗೆಹರಿಯಿತಾ ಅಂತ. ನಮ್ಮ ರಿಪೋರ್ಟಲ್ಲಿ ಸಮಸ್ಯೆನೇ ಇಲ್ಲ ಅಂತಿದೆ. ಅದಕ್ಕೆ ಹೌದು ಅಂದುಬಿಡಿ ಸರ್.’