ಗಿಟಾರಿಗೊಂದು ಸೋಪಿನ ಡಬ್ಬಿ

ನಮ್ಮನೆಯವರಿಗೆ ಹಳೇ ಗಿಟಾರಿನ ಹುಚ್ಚು. ಹೊಸದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಯಾರೋ ವರ್ಷಗಟ್ಟಲೆ ಬಾರಿಸಿ, ಬೆವರು ಮೆತ್ತಿ, ಮೂಲೆಗೆ ತಾಗಿಸಿ ಚಕ್ಕೆ ಎಬ್ಬಿಸಿದ್ದೇ ಆಗಬೇಕು. ನಾವಿರುವುದು ನ್ಯೂಜೆರ್ಸಿಯಲ್ಲಿ. ಶನಿವಾರ ಕೊತ್ತಂಬರಿ ಸೊಪ್ಪು ತರ್ತೀನಿ ಅಂತ ಹೋದವರು ಯಾರದೋ ಗ್ಯಾರೇಜ್ ಸೇಲ್‌ನಿಂದ ಗಿಟಾರ್ ಹೊತ್ತು ಬರುತ್ತಾರೆ. ಸೊಪ್ಪು ಮರೆತಿರುತ್ತೆ. ಹೋಗಲಿ, ನುಡಿಸುತ್ತಾರಾ? ಮೂರು ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛ, ಬರುತ್ತೆ. ಅದರಲ್ಲೂ ಒಂದು ಅನುಮಾನ.

ಜಗಳ ಆಡೋಣ ಅಂದರೆ ಅದಕ್ಕೂ ಬಿಡುವುದಿಲ್ಲ. ನಾನು ಏನು ಕೇಳಿದರೂ ಗಿಟಾರ್ ಮಾಡಿದವರ ಚರಿತ್ರೆ ಶುರು.

"ನುಡಿಸೋಕೆ ಬರದ ಮೇಲೆ ಯಾಕ್ರೀ ಇದೆಲ್ಲ?"

"ಲಿಯೋ ಫೆಂಡರ್‌ಗೂ ಬರ್ತಿರಲಿಲ್ಲ ಕಣೇ."

ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಮನುಷ್ಯ. ಅದಕ್ಕೂ ಮುಂಚೆ ಲೆಕ್ಕ ಬರೆಯುವ ಕೆಲಸ. ಗಿಟಾರ್ ನುಡಿಸಲು ಕೊನೆತನಕ ಕಲಿಯಲೇ ಇಲ್ಲವಂತೆ. ಆದರೂ ಅರ್ಧ ಜಗತ್ತು ಕುಣಿದಿದ್ದು ಅವನ ಎಲೆಕ್ಟ್ರಿಕ್ ಗಿಟಾರಿಗೆ. "ಅವನಿಗೆ ಲೆಕ್ಕನಾದ್ರೂ ಬರ್ತಿತ್ತಲ್ಲ" ಅಂದು ಕ್ರೆಡಿಟ್ ಕಾರ್ಡ್ ಬಿಲ್ಲು ಮುಂದಿಟ್ಟೆ.

ಬಿಲ್ಲಿಗೂ ಒಂದು ಕಥೆ ರೆಡಿ ಇತ್ತು. 1950ರಲ್ಲಿ ಫೆಂಡರ್ 'ಬ್ರಾಡ್‌ಕಾಸ್ಟರ್' ಅಂತ ಒಂದು ಗಿಟಾರ್ ಬಿಟ್ಟ. ಗ್ರೆಚ್ ಕಂಪನಿ, ಆ ಹೆಸರಿನ ಡ್ರಮ್ಮು ನಮ್ಮದು ಅಂತ ತಕರಾರು ತೆಗೆಯಿತು. ಹೊಸ ಹೆಸರು ಹೊಳೆಯುವ ತನಕ ಕೆಲಸ ನಿಲ್ಲಿಸೋಕಾಗುತ್ತಾ? ಸ್ಟಿಕ್ಕರ್‌ನಲ್ಲಿದ್ದ ಆ ಹೆಸರನ್ನು ಕತ್ತರಿಸಿ, ಬರೀ 'ಫೆಂಡರ್' ಅಂತ ಅಂಟಿಸಿ ಕಳಿಸಿದರು. 'ಟೆಲಿಕಾಸ್ಟರ್' ಅಂತ ನಾಮಕರಣ ಆಗಿದ್ದು 1951ರಲ್ಲಿ. ನಡುವೆ ಹೆಸರಿಲ್ಲದೆ ಹೊರಬಿದ್ದವಕ್ಕೆ ಈಗ ಕಣ್ಣು ಕುಕ್ಕುವ ಬೆಲೆ. ಈ ಕಥೆ ಓದಿದಾಗಿನಿಂದ ಇವರು ತರುವ ಯಾವ ಗಿಟಾರಿಗೂ ಹೆಸರೇ ಇರುವುದಿಲ್ಲ. ಉಜ್ಜಿ ಉಜ್ಜಿ ಅಳಿಸಿಹೋಗಿದೆ ಅಷ್ಟೇ. ಆದರೆ ಆಸೆ ನೋಡಿ!

ಒಂದು ಕಥೆ ಮಾತ್ರ ನನಗೂ ಹಿಡಿಸಿತು. ಮಿಷಿಗನ್‌ನ ಕಲಮಜೂ ಊರಲ್ಲಿ ಗಿಬ್ಸನ್ ಕಾರ್ಖಾನೆ. ಎರಡನೇ ಮಹಾಯುದ್ಧಕ್ಕೆ ಗಂಡಸರು ಹೋದಾಗ ಅಲ್ಲಿ ಗಿಟಾರ್ ಮಾಡಿದವರು ಹೆಚ್ಚಾಗಿ ಹೆಂಗಸರು. ಆಗಿನ ಗಿಟಾರುಗಳ ತಲೆಯ ಮೇಲೆ ಚಿನ್ನದ ಬಣ್ಣದ ಪುಟ್ಟ ಪಟ್ಟಿ. ಗಿಬ್ಸನ್ ಬಿಟ್ಟರೆ ಬೇರೆ ಯಾವುದೂ ಸಾಲದು ಅಂತ ಅದರ ಮೇಲಿನ ಬರಹದ ಅರ್ಥ. ಮಾಡಿದವರ ಸುದ್ದಿಯನ್ನು ಮಾತ್ರ ಕಂಪನಿ ಬಹಳ ಕಾಲ ಎತ್ತಲೇ ಇಲ್ಲ. ಹೆಂಗಸರ ಕೆಲಸ, ಅಲ್ವಾ! "ತಂದರೆ ಅಂಥದ್ದು ತನ್ನಿ" ಅಂದೆ. ಬೆಲೆ ನೋಡಿ ಇವರೇ ತೆಪ್ಪಗಾದರು.

ಕೊನೆಗೆ ಬಂದಿದ್ದು ಮಾರ್ಟಿನ್ ಕಂಪನಿಯ ಒಂದು ಹಳೇ ಗಿಟಾರ್. ಅದರ ಹಿಂದೆಯೇ, ಡಿಸೆಂಬರ್‌ನಲ್ಲಿ, ಹಾಸನದಿಂದ ಅತ್ತೆ.

ಇಲ್ಲಿಯ ಚಳಿಗೆ ಹಗಲೂ ರಾತ್ರಿ ಹೀಟರ್ ಉರಿಯುತ್ತೆ. ಗಾಳಿ ಒಣಗಿ ನಮ್ಮ ತುಟಿ ಒಡೆದರೆ ಯಾರೂ ಕೇಳುವುದಿಲ್ಲ. ಗಿಟಾರಿನ ಮರ ಮಾತ್ರ ಒಡೆಯಬಾರದು. ಅದಕ್ಕೆ ಶೇಕಡಾ 45ರಿಂದ 55ರಷ್ಟು ತೇವ ಬೇಕಂತೆ. ಇವರು ಒಂದು ಪ್ಲಾಸ್ಟಿಕ್ ಸೋಪಿನ ಡಬ್ಬಿ ತಗೊಂಡು, ಕಾಯಿಸಿದ ಮೊಳೆಯಿಂದ ತೂತು ಕೊರೆದು, ಒಳಗೆ ಒದ್ದೆ ಸ್ಪಂಜ್ ಇಟ್ಟು, ಗಿಟಾರಿನ ಪೆಟ್ಟಿಗೆಯಲ್ಲಿ ಕುತ್ತಿಗೆಯ ಪಕ್ಕ ಮಲಗಿಸಿದರು. ದಿನಾ ಬೆಳಗ್ಗೆ ಮುಟ್ಟಿ ನೋಡುವುದು ಬೇರೆ. ನನಗೆ ಜ್ವರ ಬಂದಾಗ ಹಾಗೆ ಯಾರೂ ಮುಟ್ಟಿ ನೋಡಿದ್ದಿಲ್ಲ.

ಇವರು ಆಫೀಸ್ ಕೆಲಸದ ಮೇಲೆ ಬೇರೆ ಊರಿಗೆ ಹೋದಾಗ ಅತ್ತೆ ಮನೆಯೆಲ್ಲ ಒರೆಸಿ ಅಚ್ಚುಕಟ್ಟು ಮಾಡಿದರು. "ಬಟ್ಟೆ ಒಗೆಯೋ ಸ್ಪಂಜು ವೀಣೆ ಪೆಟ್ಟಿಗೇಲಿ ಯಾಕಮ್ಮ?" ಅಂದರು. ನಾನು ಫೋನಿನಲ್ಲಿದ್ದೆ. ಅಷ್ಟರಲ್ಲಿ ಸ್ಪಂಜು ಕಸಕ್ಕೆ ಹೋಗಿ, ಡಬ್ಬಿ ತೊಳೆಸಿಕೊಂಡು, ಅವರು ತಂದಿದ್ದ ಮೈಸೂರ್ ಸ್ಯಾಂಡಲ್ ಸೋಪನ್ನು ಹೊತ್ತು ಬಚ್ಚಲು ಸೇರಿತ್ತು. ತೂತಿರುವುದರಿಂದ ನೀರು ನಿಲ್ಲಲ್ಲ, ಒಳ್ಳೇ ಡಬ್ಬಿ ಅಂತ ಮೆಚ್ಚುಗೆ ಬೇರೆ.

ವಾರ ಕಳೆದು ಇವರು ಬಂದು ಪೆಟ್ಟಿಗೆ ತೆಗೆದರೆ ತಂತಿಗಳನ್ನು ಹಿಡಿದಿಡುವ ಬ್ರಿಡ್ಜ್‌ನಿಂದ ಕೆಳಗೆ ಕೂದಲೆಳೆಯಷ್ಟು ಸಣ್ಣ ಬಿರುಕು. ಉಗುರು ಆಡಿಸಿದರೆ ಕೈಗೆ ಸಿಗುತ್ತೆ. ಅಮ್ಮನನ್ನು ಬೈಯುವಂತಿಲ್ಲ. ಅದಕ್ಕೇ ಕೂರಿಸಿಕೊಂಡು ಕಥೆ ಹೇಳಿದರು. ಈ ಗಿಟಾರ್ ಕಂಪನಿ ಕಟ್ಟಿದ ಮಾರ್ಟಿನ್ ಹುಟ್ಟಿದ್ದು 1796ರಲ್ಲಿ, ಜರ್ಮನಿಯ ಮಾರ್ಕ್‌ನಾಯ್‌ಕಿರ್ಷೆನ್‌ನಲ್ಲಿ. ಮರಗೆಲಸದವರ ಮನೆತನ. ಅಲ್ಲಿಯ ಪಿಟೀಲು ಮಾಡುವವರು, ಕುರ್ಚಿ ಮೇಜು ಮಾಡೋರಿಗೆ ವಾದ್ಯದ ಉಸಾಬರಿ ಯಾಕೆ ಅಂತ ವರ್ಷಗಟ್ಟಲೆ ಜಗಳ ಹೂಡಿದರು. 1833ರಲ್ಲಿ ಆತ ಹೆಂಡತಿ ಮಕ್ಕಳ ಸಮೇತ ಅಮೆರಿಕಕ್ಕೆ ಬಂದ. ಮೊದಲು ನ್ಯೂಯಾರ್ಕ್, ಆಮೇಲೆ ಪೆನ್ಸಿಲ್ವೇನಿಯಾದ ನಾಜರೆತ್. ಕಾರ್ಖಾನೆ ಇವತ್ತಿಗೂ ಅದೇ ಊರಲ್ಲಿ, ಅದೇ ಮನೆತನದ ಕೈಯಲ್ಲಿದೆ.

ಅತ್ತೆ ಬತ್ತಿ ಹೊಸೆಯುತ್ತಾ ಪೂರ್ತಿ ಕೇಳಿದರು.

"ಮರಗೆಲಸದ ವಿಷಯ ಇಷ್ಟೊಂದು ತಿಳ್ಕೊಂಡಿದ್ದೀಯಲ್ಲೋ! ನಾನು ಬಂದಾಗಿಂದ ಆ ಅಡುಗೆಮನೆ ಕಪಾಟಿನ ಬಾಗಿಲು ಜೋತಾಡ್ತಿದೆ. ಅದನ್ನ ಮೊದಲು ಸರಿಮಾಡಪ್ಪ."

ಇವರು ಏನೋ ಹೇಳಲು ಬಾಯಿ ತೆರೆದರು. ಅತ್ತೆ ಸ್ಕ್ರೂಡ್ರೈವರ್ ತಂದು ಕೈಗಿಟ್ಟರು. ಬಾಗಿಲು ಈಗ ಚೆನ್ನಾಗಿ ಮುಚ್ಚುತ್ತೆ. ತೆಗೆಯೋಕೆ ಮಾತ್ರ ಇಬ್ಬರು ಬೇಕು.